ಮಾನವ ಹಕ್ಕು ದಿನದ ಡೋಲು

ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಬೈಂದೂರಿಗೆ ಮರಳಿದ ಮೇಲೆ ನನಗೆ ಬೇಕಾಗಿದ್ದದ್ದು ಮರ್ಯಾದೆ. ಅದು ಕಾರಿನ ಮುಂದೆ ಹಾಕುವ ಕೆಂಪು ಫಲಕದ ರೂಪದಲ್ಲಿ ಸಿಕ್ಕಿತು. ಮಾನವ ಹಕ್ಕುಗಳ ಸಮಿತಿಯೊಂದರ ತಾಲೂಕು ಅಧ್ಯಕ್ಷ ಎಂದು ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳಿದ್ದವು. ಹತ್ತನೇ ತರಗತಿಯವರೆಗೆ ಓದಿದವನು ನಾನು. ಹಕ್ಕು ಎಂದರೆ ನಿಮಗೇನು ಗೊತ್ತು ಎಂದು ಯಾರೂ ಕೇಳಲಿಲ್ಲ. ಟೋಲ್ ಗೇಟಿನ ಹುಡುಗರು ಫಲಕ ನೋಡಿ ಒಮ್ಮೊಮ್ಮೆ ಸುಮ್ಮನೆ ಬಿಡುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಮಾನವ ಹಕ್ಕು ದಿನವನ್ನು ದೊಡ್ಡದಾಗಿ ಮಾಡುವುದೆಂದು ತೀರ್ಮಾನಿಸಿದೆವು. ಬ್ರಹ್ಮಾವರದಿಂದ ನಿವೃತ್ತ ಕಾನೂನು ಉಪನ್ಯಾಸಕರೊಬ್ಬರು ಭಾಷಣಕ್ಕೆ ಒಪ್ಪಿದ್ದರು. ಕಾಲೇಜಿನ ಮಕ್ಕಳು ಬರುವವರಿದ್ದರು. ಅತಿಥಿಗಳನ್ನು ರಸ್ತೆಯಿಂದ ಸಭಾಭವನದವರೆಗೆ ಮೆರವಣಿಗೆಯಲ್ಲಿ ಕರೆತರಬೇಕಲ್ಲ ಎಂಬ ಮಾತು ಬಂತು. ಸಮಿತಿಯ ಕಾರ್ಯದರ್ಶಿ ಕುಂದಾಪುರದಲ್ಲಿ ಐಸ್ ಪ್ಲಾಂಟ್ ನಡೆಸುವವನು.

“ಹ್ವಾಯ್ ಅಧ್ಯಕ್ಷರೆ, ಬ್ಯಾಂಡ್ ಸೆಟ್ ಬ್ಯಾಡ. ಮದಿ ದಿಬ್ಬಣ ಇದ್ದಂಗ್ ಆತ್ತ್. ಡೋಲ್ ಇದ್ರೇ ಕಳೆ,” ಎಂದ. “ನಿಮ್ಮನಿ ಬದಿಯವ್ರೇ ಇದ್ರಲೆ.”

ಡೋಲು ಬಾರಿಸುವವರೆಂದರೆ ನಮ್ಮ ಕಡೆ ಕೊರಗರು. ಕಂಬಳಕ್ಕೋ ಸಾವಿಗೋ ದೊಡ್ಡ ಮನೆಯವರು ಹೇಳಿ ಕಳಿಸಿದರೆ ಅವರು ಬರಬೇಕು, ದೂರ ನಿಂತು ಬಾರಿಸಬೇಕು, ಎಲ್ಲರ ಊಟ ಮುಗಿದ ಮೇಲೆ ಹೊರಗೆ ಉಣ್ಣಬೇಕು. ಅವರನ್ನು ಕೀಳಾಗಿಸುವ ಇಂಥ ಕಟ್ಟಳೆಗಳಿಗೆ ಅಜಲು ಎನ್ನುತ್ತಾರೆ. ಸರ್ಕಾರ ಕಾನೂನು ತಂದು ಅದನ್ನು ನಿಷೇಧಿಸಿ ಬಹಳ ಕಾಲವಾಯಿತು. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಗೊತ್ತಿತ್ತು.

ಯಡ್ತರೆಯಲ್ಲಿ ನಮ್ಮ ಗುಡ್ಡೆ ಜಾಗದ ಅಂಚಿಗೆ ಒಂದು ಕೊರಗ ಕುಟುಂಬದ ಮನೆಯಿದೆ. ನನ್ನ ಅಪ್ಪ ಕೂತುಕೊಳ್ಳಿ ಎಂದಿದ್ದ ಜಾಗ, ಅವರ ಹೆಸರಿಗೆ ಯಾವತ್ತೂ ಆಗಿರಲಿಲ್ಲ. ಮನೆಯ ಯಜಮಾನರು ನನಗಿಂತ ಚಿಕ್ಕವರು, ಬುಟ್ಟಿ ಹೆಣೆದು ಮಾರುವವರು. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ, ಬಾಯಲ್ಲಿ ಯಾವಾಗಲೂ ಏಕವಚನವೇ. ಒಬ್ಬಳೇ ಮಗಳು ಕುಂದಾಪುರದ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ನಾನು ಹೋದಾಗ ಅವರು ಅಂಗಳದಲ್ಲಿ ಬಳ್ಳಿ ಸೀಳುತ್ತಿದ್ದರು.

“ಡೋಲ್ ಬಿಟ್ಟಾಯ್ತ್ ಒಡೆಯ. ಇನ್ ಮುಟ್ಟುದಿಲ್ಲ ಅಂದ್ಹೇಳಿ ಮಗಳಿಗ್ ಮಾತ್ ಕೊಟ್ಟಾಯ್ತ್.”

“ಇದ್ ಕಂಬಳ ಅಲ್ಲ ಮಾರಾಯ. ಮಾನವ ಹಕ್ಕಿನ್ ಕಾರ್ಯಕ್ರಮ. ನಿಮ್ ಒಳ್ಳೇದಕ್ಕೇ ಮಾಡುದ್.”

“ನಮ್ ಒಳ್ಳೇದಕ್ಕಾರೆ ನಂಗೂ ಒಂದ್ ಕುರ್ಚಿ ಇಡಿ, ಬತ್ತೆ,” ಎಂದು ನಕ್ಕರು.

ನಾನೂ ನಕ್ಕೆ. ಆಮೇಲೆ ಗುಡ್ಡೆಯ ಕಡೆ ನೋಡಿ, “ಈ ಜಾಗದ್ದೂ ಒಂದಿನ ಮಾತಾಡ್ಕಲೆ,” ಎಂದೆ. ಅವರ ನಗು ನಿಂತಿತು. ಬಳ್ಳಿಯನ್ನು ಕೆಳಗಿಟ್ಟು, “ಬತ್ತೆ” ಎಂದರು.

ಕಾರ್ಯಕ್ರಮದ ದಿನ ನಾನು ಪೇಟ ಸುತ್ತಿಕೊಂಡು ಅತಿಥಿಗಳ ಜೊತೆ ನಡೆದೆ. ಮುಂದೆ ಗುಡ್ಡೆಮನೆಯ ಯಜಮಾನರು ಮತ್ತು ಅವರ ನೆಂಟರಿಬ್ಬರು ಡೋಲು ಬಾರಿಸುತ್ತಿದ್ದರು. ಸಭಾಭವನದ ಮೆಟ್ಟಿಲ ಮೇಲೆ ಕಾಲೇಜಿನ ಮಕ್ಕಳು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಅವರ ಮಗಳಿದ್ದಳು. ಹಕ್ಕುಗಳ ಘೋಷಣೆಯ ಮೊದಲ ಸಾಲುಗಳನ್ನು ವೇದಿಕೆಯಲ್ಲಿ ಓದಲು ಕಾಲೇಜಿನವರು ಅವಳನ್ನೇ ಆರಿಸಿದ್ದರು. ಇದು ನನಗಾಗಲಿ ಅವಳ ಅಪ್ಪನಿಗಾಗಲಿ ತಿಳಿದಿರಲಿಲ್ಲ. ಅವರು ಮಗಳನ್ನು ಕಂಡರು. ಕೈ ತಪ್ಪಿತು. ಕಾರ್ಯದರ್ಶಿ, “ಹೊಡಿ, ಹೊಡಿ, ನಿಲ್ಸುದಲ್ಲ,” ಎಂದ. ಅವರು ತಲೆ ತಗ್ಗಿಸಿ ಬಾರಿಸಿದರು.

ಭಾಷಣ ಚೆನ್ನಾಗಿತ್ತು. ಮಹಾಯುದ್ಧ ಮುಗಿದ ಮೇಲೆ ಜಗತ್ತಿನ ದೇಶಗಳು ಸೇರಿ ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟುತ್ತಾರೆ ಎಂದು ಘೋಷಿಸಿದವು. ಆದರೆ ಅದನ್ನು ಒಪ್ಪಂದವಾಗಿ ಬರೆಯುವಾಗ, ಬೇರೆ ನಾಡುಗಳನ್ನು ಆಳುತ್ತಿದ್ದ ಕೆಲವು ದೇಶಗಳು ಒಂದು ಷರತ್ತು ಕೇಳಿದವಂತೆ. ಹಕ್ಕುಗಳು ನಮ್ಮ ದೇಶದೊಳಗೆ ಇರಲಿ, ನಾವು ಆಳುವ ಕಡೆಗಳಿಗೆ ಅವು ತಾವಾಗಿ ಹೋಗಬಾರದು, ಅಲ್ಲಿನ ಜನ ಇನ್ನೂ ತಯಾರಾಗಿಲ್ಲ ಎಂದು. ಉಪನ್ಯಾಸಕರು ಇದನ್ನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ನನ್ನ ಸರದಿ ಬಂದಾಗ ಬಿಳಿಯರ ಸೊಕ್ಕಿನ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದೆ. ಕಿಟಕಿಯಾಚೆ ಡೋಲಿನವರು ಗೋಡೆಯ ನೆರಳಿನಲ್ಲಿ ನೆಲದ ಮೇಲೆ ಕೂತಿದ್ದರು. ನಮ್ಮ ಊಟ ಮುಗಿಯುವವರೆಗೆ ಅವರು ಕಾಯಬೇಕಿತ್ತು.

ಆ ಹುಡುಗಿ ಬಂದು ತನಗೆ ಕೊಟ್ಟ ಸಾಲುಗಳನ್ನು ಓದಿದಳು. ದನಿ ನಡುಗಲಿಲ್ಲ. ಓದಿ ಮುಗಿಸಿ ವೇದಿಕೆಯಿಂದಿಳಿದು, ಸಭೆಯ ನಡುವಿನಿಂದ ಹೊರಗೆ ನಡೆದು, ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ನನಗೆ ಆಗ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಕಾರ್ಯಕ್ರಮ ಹಾಳು ಮಾಡಿದಳು ಎಂದುಕೊಂಡೆ.

ಅಪ್ಪನಿಂದ ಬಲವಂತವಾಗಿ ಅಜಲು ಮಾಡಿಸಿದರೆಂದು ಅವಳು ನನ್ನ ಮೇಲೆ ದೂರು ಕೊಟ್ಟಳು. ತಾಲೂಕು ಕಚೇರಿಯಲ್ಲಿ ವಿಚಾರಣೆ ಗೊತ್ತಾದಾಗ ನಾನು ಮತ್ತೆ ಆ ಅಂಗಳಕ್ಕೆ ಹೋದೆ. “ನಾನಾಯೇ ಬಂದದ್ದ್ ಅಂತ ಹೇಳ್. ಅಷ್ಟೇ ಹೇಳ್ಕ್,” ಎಂದೆ. ಈ ಸಲ ಜಾಗದ ಮಾತು ಎತ್ತುವ ಅಗತ್ಯವೂ ಬೀಳಲಿಲ್ಲ.

ಕಚೇರಿಯಲ್ಲಿ ನಾನು ಜಾಣತನ ತೋರಿಸಿದೆ. “ಈ ಹಕ್ಕು ಗಿಕ್ಕು ಎಲ್ಲ ಬಿಳಿಯರು ಬರೆದದ್ದು ಸ್ವಾಮಿ. ನಮ್ಮ ಪದ್ಧತಿ ಅವರಿಗೇನು ಗೊತ್ತು?” ಎಂದೆ.

ಅಧಿಕಾರಿ ತಲೆಯೆತ್ತಿದರು. “ಅಜಲಿನ ಕಾನೂನು ಬೆಂಗಳೂರಿನಲ್ಲಿ ಆದದ್ದು. ಅದೂ ನಿಮಗೆ ವಿದೇಶವಾ?”

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕನೆ ನಕ್ಕ. ಆಮೇಲೆ ಅಧಿಕಾರಿ ಅವಳ ಅಪ್ಪನನ್ನು ಕೇಳಿದರು. “ನಾನಾಯೇ ಬಂದದ್ದ್. ಖುಷಿಯಂಗೆ,” ಎಂದರು ಅವರು, ನೆಲ ನೋಡುತ್ತ. ಮಗಳು ನನ್ನ ಕಡೆ ನೋಡಲೇ ಇಲ್ಲ. “ಅಪ್ಪಾ, ನಾನ್ ಇಷ್ಟೆಲ್ಲಾ ಮಾಡಿದ್ದ್ ಯಾರಿಗಾಯ್?” ಎಂದು ಮೆಲ್ಲಗೆ ಕೇಳಿದಳು. ಎದ್ದು ಹೋದಳು. ದೂರು ಅಲ್ಲಿಗೆ ಮುಗಿಯಿತು. ಹಾಸ್ಟೆಲಿಗೆ ಹೋದವಳು ಮನೆಗೆ ಬರುವುದನ್ನು ನಿಲ್ಲಿಸಿದಳು. ಅಪ್ಪನ ಫೋನನ್ನೂ ಎತ್ತಲಿಲ್ಲ.

ಗೆದ್ದು ಮನೆಗೆ ಬಂದ ಮೇಲೆ ಆ ಉಪನ್ಯಾಸಕರ ಮಾತು ನನ್ನನ್ನು ಬಿಡಲಿಲ್ಲ. ಹಕ್ಕು ನಮ್ಮೊಳಗಿರಲಿ, ನಾವು ಆಳುವವರಿಗೆ ಬೇಡ ಎಂದ ಆ ದೊರೆಗಳನ್ನು ಬೈದು ನಾನು ಚಪ್ಪಾಳೆ ಗಿಟ್ಟಿಸಿದ್ದೆ. ನಾನು ಆಳುತ್ತಿದ್ದದ್ದು ಗುಡ್ಡೆಯಂಚಿನ ಒಂದು ತುಂಡು ನೆಲ. ದೊಡ್ಡದಾಗಿದ್ದರೆ ಇನ್ನೇನು ಮಾಡುತ್ತಿದ್ದೆನೋ. ಫಲಕವನ್ನು ಬಿಚ್ಚಿದೆ. ಅದು ಸುಲಭದ ಕೆಲಸ.

ಮಳೆ ಹಿಡಿಯುವ ಮೊದಲು ಯಡ್ತರೆಗೆ ಹೋಗಿ ಅವಳ ಅಪ್ಪನ ಹತ್ತಿರ, ಕಚೇರಿಯಲ್ಲಿ ನಿಜ ಹೇಳುತ್ತೇನೆ, ಜಾಗವನ್ನೂ ಬರೆದುಕೊಡುತ್ತೇನೆ ಎಂದೆ. ಅವರು ಸಂತೋಷಪಡುತ್ತಾರೆ ಎಂದೇ ನಂಬಿದ್ದೆ.

“ನೀವ್ ಈಗ ಸತ್ಯ ಹೇಳ್ರೆ ನಾನ್ ಸುಳ್ಳುಗಾರ ಆತ್ನಲೆ ಒಡೆಯ,” ಎಂದರು. “ಮೇಲಿಂದ ಜಾಗವೂ ಕೊಟ್ರೆ, ಅಪ್ಪ ಜಾಗಕ್ಕಾಯ್ ಸುಳ್ಳ್ ಹೇಳ್ದ ಅಂದ್ಹೇಳಿ ಮಗಳ್ ಎಣ್ಸುದಿಲ್ಯಾ? ಮೊದ್ಲ್ ಅವಳಿಗ್ ಹೇಳಿ. ಹೆಂಗ್ ಹೆದ್ರಿಸಿದ್ರಿ ಅಂದ್ಹೇಳಿ ಸಮಾ ಹೇಳಿ.”

ಕುಂದಾಪುರದ ಹಾಸ್ಟೆಲಿನ ಗೇಟಿನ ಬಳಿ ನಿಂತು ಅವಳಿಗೆ ಎಲ್ಲವನ್ನೂ ಹೇಳಿದೆ. ಜಾಗದ ಮಾತು ಕೇಳಿ ಅವಳ ಅಪ್ಪ ಬಳ್ಳಿ ಕೆಳಗಿಟ್ಟದ್ದು, ಆ ಸುಳ್ಳನ್ನು ಅವರ ಬಾಯಲ್ಲಿ ನಾನೇ ಇಟ್ಟದ್ದು. ಅವಳು ಕೈ ಕಟ್ಟಿಕೊಂಡು ಕೇಳಿದಳು. ಕ್ಷಮಿಸಿದೆ ಎನ್ನಲಿಲ್ಲ. “ಇದನ್ನೇ ಆಫೀಸರ ಎದ್ರ್ ಹೇಳಿ. ಸೋಮವಾರ ನಾನ್ ಬತ್ತೆ. ಅಪ್ಪನೂ ಬಂದ್ ಕೇಳ್ಕ್,” ಎಂದಳು.

ಸೋಮವಾರ ಹೋಗುತ್ತೇನೆ. ಅವಳ ಅಪ್ಪ ಬರುತ್ತಾರೋ ಇಲ್ಲವೋ ತಿಳಿಯದು. ಅವರನ್ನು ಕರೆಯುವ ಕೆಲಸ ಅವಳದ್ದು. ನಾನು ಕರೆದರೆ ಅವರು ಬರಲೇಬೇಕಾಗುತ್ತದೆ.