ಕಂದಕದ ಅಂಚಿನಲ್ಲಿ ಕೇಳಿದ ಜನರಲ್ಲನ ಕಥೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಮೆರಿಕದ ಅಲ್ಫರೆಟಾದ ನಮ್ಮ ಮನೆಯೆದುರಿನ ನೆಲ ಕುಸಿಯಿತು. ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಅಂಗಡಿಯಲ್ಲಿ ಪರಿಚಯದವರ ಮಗಳು ತೊಟ್ಟಿದ್ದ ಟೀ ಶರ್ಟಿನಿಂದ. ಅದರ ಮೇಲೆ ಒಂದು ಅಗಲವಾದ ಟೋಪಿ, ಕೆಳಗೆ ಟೋಪಿಗೇ ಪೈಪೋಟಿ ಕೊಡುವ ಮೀಸೆ. ಯಾರಮ್ಮ ಇವರು ಎಂದರೆ, "ಐ ಡೋಂಟ್ ನೋ, ಆಂಟಿ. ಕೂಲ್ ಆಗಿದೆ ಅಲ್ವಾ?" ಎಂದಳು. ನನಗೆ ಗೊತ್ತಿತ್ತು. ಕೇಳಿ, ಹೇಳುತ್ತೇನೆ.

ಆಗ ತೊಂಬತ್ತರ ದಶಕ, ಹೊಸ ಬಡಾವಣೆ. ಮೆಕ್ಸಿಕೋದ ಕೆಲಸಗಾರರು ಪೈಪು ಹೂಳಲು ಆಳವಾದ ಕಂದಕ ತೋಡುತ್ತಿದ್ದರು. ಗಂಡ ಆಫೀಸಿಗೆ ಹೋದರೆ ನನಗೆ ಕಾರೂ ಇಲ್ಲ, ಕೆಲಸವೂ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಅಡುಗೆಮನೆ ಕಿಟಕಿಯಿಂದ ಅವರ ಮೇಲ್ವಿಚಾರಣೆ ನಡೆಸುತ್ತಿದ್ದೆ. ಅಂದು ಸಾರು ಕದಡುತ್ತಿದ್ದಾಗ ಕಂದಕದ ಒಂದು ಗೋಡೆ ಸದ್ದಿಲ್ಲದೆ ಕೂತುಬಿಟ್ಟಿತು. ಒಳಗಿದ್ದ ಇಲಾರಿಯೋ ಎಂಬಾತ ಎದೆಯವರೆಗೆ ಹೂತುಹೋದ.

ಓಡಿದೆ. ಕೈಯಲ್ಲಿ ಸೌಟು. ಅಗೆಯಲೆಂದು ತಂದೆನೋ, ಕೆಳಗಿಡಲು ಮರೆತೆನೋ ಇಂದಿಗೂ ತಿಳಿಯದು. ಅಂಚಿನಲ್ಲಿ ಭಾರ ಬಿದ್ದರೆ ಉಳಿದ ಮಣ್ಣೂ ಜಾರುತ್ತದೆಂದು ಮೇಸ್ತ್ರಿ ತನ್ನವರನ್ನೆಲ್ಲ ದೂರ ನಿಲ್ಲಿಸಿದ್ದ. ಫೈರ್ ಎಂಜಿನ್ ಬರುವವರೆಗೆ ಯಾರಾದರೂ ಇಲಾರಿಯೋನನ್ನು ಮಾತಾಡಿಸುತ್ತಿರಬೇಕಿತ್ತು, ಅವನು ಕಣ್ಣು ಮುಚ್ಚಬಾರದಿತ್ತು. ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಹಗುರ" ಎಂದ. ನನ್ನ ಮೈಕಟ್ಟನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಹಲಗೆ ಹಾಸಿಕೊಟ್ಟ. ಬೋರಲಾಗಿ ಮಲಗಿ ಇಣುಕಿದೆ.

ಏನು ಮಾತಾಡುವುದು? ಅವನ ಅಂಗಿಯ ಕಾಲರಿನ ಮೇಲೆ ಒಂದು ಬಿಲ್ಲೆ, ಅದರಲ್ಲಿ ಮೀಸೆಯ ಮುಖ.

"ನಿಮ್ಮ ತಂದೆಯಾ?"

"ಅಲ್ಲ ಸಿನ್ಯೋರಾ. ನಮ್ಮ ಜನರಲ್."

ಹರಕು ಇಂಗ್ಲಿಷಿನಲ್ಲಿ, ತುಂಡು ತುಂಡು ಉಸಿರಿನಲ್ಲಿ ಹೇಳಿದ. ಎಂಬತ್ತು ವರ್ಷಗಳ ಹಿಂದೆ ಮೆಕ್ಸಿಕೋದಲ್ಲಿ ಕುದುರೆ ಪಳಗಿಸುತ್ತಿದ್ದ ಹಳ್ಳಿಗ ಆತನಂತೆ. ಜಮೀನ್ದಾರರು ಕಬ್ಬಿಗಾಗಿ ಊರಿನ ಹೊಲ ನುಂಗಿದಾಗ ಹಿರಿಯರು ಹಳೆಯ ಹಕ್ಕುಪತ್ರಗಳನ್ನು ಅವನ ಕೈಗಿಟ್ಟರಂತೆ. ದುಡಿಯುವವನದೇ ನೆಲ ಎಂದು ಬಂದೂಕು ಹಿಡಿದನಂತೆ. "ಉಳುವವನೇ ಹೊಲದೊಡೆಯ" ಎಂಬ ಗೋಡೆಬರಹಗಳ ನಡುವೆ ಬೆಳೆದ ನನಗೆ ಆತ ದೂರದ ನೆಂಟನಂತೆ ಕಂಡ.

"ನೆಲ ನಮ್ಮದು ಅಂದ್ರು ಜನರಲ್. ಇವತ್ತು ನೆಲ ನನ್ನನ್ನೇ ತನ್ನದು ಅಂತಿದೆ," ಎಂದು ಇಲಾರಿಯೋ ನಗಲು ಹೋಗಿ ಕೆಮ್ಮಿದ. "ಸರ್ಕಾರದ ಸೈನ್ಯದವರು ನಿಮ್ಮ ಕಡೆ ಸೇರ್ತೀವಿ ಅಂತ ಕರೆದು, ಬಾಗಿಲಲ್ಲೇ ಗುಂಡು ಹೊಡೆದ್ರು. ಆದ್ರೆ ಹೆಣದ ಕೆನ್ನೆ ಮೇಲೆ ಅವರ ಮಚ್ಚೆ ಇರಲಿಲ್ಲ. ಸತ್ತಿದ್ದು ಬೇರೆ ಯಾರೋ. ನಮ್ಮಜ್ಜ ಬೆಟ್ಟದ ಮೇಲೆ ಅವರ ಕುದುರೆ ನೋಡಿದ್ದಾರೆ."

ಆಮೇಲೆ ಅವನ ರೆಪ್ಪೆ ಜಗ್ಗತೊಡಗಿತು. ನಾನು ಗಡಿಬಿಡಿಯಲ್ಲಿ ನಮ್ಮ ಕಡೆಯ ವೀರನೊಬ್ಬನ ಕಥೆ ಶುರುಮಾಡಿದೆ. ಬ್ರಿಟಿಷರ ಮೇಲೆ ತಿರುಗಿಬಿದ್ದವನು, ಇಂದಿಗೂ ಲಾವಣಿಗಳಲ್ಲಿ ಇರುವವನು.

"ಅವರೂ ಸಾಯಲಿಲ್ವಾ?"

ಅವನನ್ನು ನೇಣಿಗೇರಿಸಿದರೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. "ಇಲ್ಲಪ್ಪ, ಇನ್ನೂ ಓಡಾಡ್ತಾನೆ," ಎಂದೆ. ಇಲಾರಿಯೋ ಕಣ್ಣು ಬಿಟ್ಟ.

ಸುಮಾರು ಮುಕ್ಕಾಲು ಗಂಟೆಯ ನಂತರ ಅವನನ್ನು ಜೀವಸಹಿತ ಹೊರತೆಗೆದರು. ಸಂಜೆ ಗಂಡ, "ಸೌಟು ಹಿಡ್ಕೊಂಡು ರೆಸ್ಕ್ಯೂ ಮಾಡೋಕೆ ಹೋಗಿದ್ಯಾ?" ಎಂದು ಛೇಡಿಸಿದ. ನಗಲಾಗಲಿಲ್ಲ. ಮುಂದೆ ಎಷ್ಟೋ ದಿನ, ಕಣ್ಣು ಹತ್ತಿದೊಡನೆ ಮಣ್ಣು ಜಾರುತ್ತಿತ್ತು. ಕನಸಿನಲ್ಲಿ ಇಲಾರಿಯೋ ನನ್ನ ಸುಳ್ಳನ್ನು ಪತ್ತೆಹಚ್ಚಿ ಕಣ್ಣು ಮುಚ್ಚುತ್ತಿದ್ದ.

ಆರನೆಯ ವಾರದ ಭಾನುವಾರ ಅವನು ಕೋಲೂರಿಕೊಂಡು, ಹೆಂಡತಿಯೊಂದಿಗೆ ಮನೆಗೆ ಬಂದ. ಎರಡನೆಯ ದೋಸೆ ಹಾಕುತ್ತಾ ನಾನು ಒಪ್ಪಿಕೊಂಡೆ: ಅಂದು ಹೇಳಿದ್ದು ಸುಳ್ಳು, ನಮ್ಮವನು ಸತ್ತ.

ಇಲಾರಿಯೋ ನಿಧಾನವಾಗಿ ಚಟ್ನಿ ನೆಕ್ಕಿದ. "ನಮ್ಮ ಜನರಲ್ಲೂ ಸತ್ತಿದ್ದಾರೆ ಸಿನ್ಯೋರಾ. ಮಚ್ಚೆ ಇತ್ತು. ಅಜ್ಜ ನೋಡಿದ್ದು ಹೆಣಾನೇ."

"ಮತ್ಯಾಕಪ್ಪ ಹಾಗಂದ್ರಿ?"

"ನೀವು ಅಳ್ತಿದ್ರಿ. ಹಲಗೆ ಅಲ್ಲಾಡ್ತಿತ್ತು."

ಅಂದು ಮಲಗಿದವಳು ಎದ್ದದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಗಂಡ ಕಾಫಿಯಿಲ್ಲದೆ ಆಫೀಸಿಗೆ ಹೋಗಿದ್ದ. ಫ್ರಿಜ್ಜಿನ ಮೇಲೊಂದು ಚೀಟಿ: "ಗೊರಕೆ ಹೊಡೀತಿದ್ದೆ. ಎಬ್ಬಿಸೋ ಮನಸ್ಸಾಗಲಿಲ್ಲ."