ಬಾವಿಗೆ ಬೆನ್ನು ಮಾಡಿ ಕುಳಿತ ಯೋಹಾನಪ್ಪ ಕಾಕಾ

ಯೋಹಾನಪ್ಪ ಕಾಕಾ ನಮಗೆ ಈಜು ಕಲಿಸಿದ್ದು ಬಾವಿಗೆ ಬೆನ್ನು ಮಾಡಿ ಕುಳಿತು. ನೀರಿನಲ್ಲಿ ನಾವು ಹುಡುಗಿಯರು. ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ, ತಲೆಗೆ ಟವೆಲ್ ಸುತ್ತಿ, ಹೊಲದ ಕಡೆ ಮುಖ ಮಾಡಿದ ಅವರು. ಒಮ್ಮೆಯೂ ತಿರುಗಿ ನೋಡಿದವರಲ್ಲ. ನೀರಿನ ಸಪ್ಪಳ ಕೇಳಿಯೇ ಕೂಗುತ್ತಿದ್ದರು: "ಯಾರವ್ವಾ ಅದು, ಬರೇ ಕಾಲ ಬಡಿಯಾಕತ್ತಾಳ? ಕೈ ಎಲ್ಲಿ ಹೋದ್ವು? ನೀರಿನ ಮ್ಯಾಲ ಸಿಟ್ಟ ಮಾಡಬ್ಯಾಡ, ಅದರ ಮ್ಯಾಲ ಮಲಕೋ."

ಈಗಲೂ ಕಣ್ಣು ನಿದ್ದೆಗೆ ಜಾರುವಾಗ ಆ ದನಿ ಎಲ್ಲೋ ಮೇಲಿನಿಂದ, ಹಸಿರು ನೀರನ್ನು ದಾಟಿ ಬಂದಂತೆ ಕೇಳಿಸುತ್ತದೆ. ಮೈ ಹಗುರಾಗುತ್ತದೆ.

ದೋರನಹಳ್ಳಿಯಲ್ಲಿ ಅವರು ಗೌಂಡಿ. ಊರಿನ ಅರ್ಧ ಗೋಡೆಗಳು ಅವರ ಕೈಯಲ್ಲೇ ಎದ್ದಂಥವು. ನಮ್ಮ ಓಣಿಯ ಕೊನೆಗೆ, ಚರ್ಚಿನ ಪಕ್ಕ ಅವರ ಮನೆ. ಮೊಹರಮ್ಮಿನಲ್ಲಿ ಶರಬತ್ತಿನ ಕೊಡ ಹಿಡಿದು ನಿಲ್ಲುತ್ತಿದ್ದವರು ಅವರೇ. ಕ್ರಿಸ್‌ಮಸ್ಸಿಗೆ ಅವರು ಬೇವಿನ ಮರಕ್ಕೆ ಬಣ್ಣದ ಕಾಗದದ ನಕ್ಷತ್ರ ಕಟ್ಟುವಾಗ ಏಣಿ ಹಿಡಿಯಲು ಓಣಿಯೆಲ್ಲ ಸೇರುತ್ತಿತ್ತು. ಯಾರ ಮನೆಯಲ್ಲಿ ಸಾವಾದರೂ ಕರೆಯುವ ಮೊದಲೇ ಸಲಿಕೆ ಹೆಗಲಿಗಿಟ್ಟು ಹೊರಡುತ್ತಿದ್ದರು.

ನಾವು ಈಜು ಕಲಿತ ವರ್ಷ ನಮ್ಮ ಗೆಳತಿ ಮಹಾದೇವಿ ಬಟ್ಟೆ ಒಗೆಯಲು ಹೋಗಿ ಊರ ಹೊರಗಿನ ಬಾವಿಯಲ್ಲಿ ಕಾಲು ಜಾರಿ ಬಿದ್ದಳು. ಮೆಟ್ಟಿಲ ಮೇಲಿದ್ದವರೆಲ್ಲ ಹೆಂಗಸರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಕೂಗು ಕೇಳಿ ದೂರದ ಕೆಲಸದಿಂದ ಓಡಿ ಬಂದು ಧುಮುಕಿದವರು ಕಾಕಾ. ಅವಳನ್ನು ಮೇಲೆ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಅವರು ಮನೆ ಮನೆಗೆ ಹೊರಟರು. ನಮ್ಮ ಕಟ್ಟೆಯ ಮೇಲೆ ಕುಳಿತು ಆಯಿಗೆ ಹೇಳಿದರು: "ಅವ್ವಾರ, ನಿಮ್ಮ ಮೊಮ್ಮಗಳಿಗಿ ಈಸ ಕಲಸ್ತೀನಿ. ಕಳಸ್ರಿ."

"ಹೆಣ್ಣ ಹುಡುಗಿ ಬಾವ್ಯಾಗ ಜಿಗಿದ್ರ ಮಂದಿ ಏನಂತಾರೋ ಯೋಹಾನಾ? ನಾಳಿ ಇಕೀನ್ನ ಯಾರ ಲಗ್ನ ಆಗ್ತಾರ?"

"ಮೊದಲ ಜೀವ ಇರಲ್ರಿ ಅವ್ವಾರ. ಲಗ್ನ ಆಮ್ಯಾಲ."

ಆಯಿ ಒಪ್ಪಲಿಲ್ಲ. ಯಾವ ಮನೆಯೂ ಒಪ್ಪಲಿಲ್ಲ. ಆಗ ಅವರ ಹೆಂಡತಿ ರೂತಮ್ಮ ಚಿಗವ್ವ ಮುಂದೆ ಬಂದಳು. ಅವಳು ಹೊಳೆದಂಡೆಯ ಊರಿನವಳು. ಬಟ್ಟೆ ಒಗೆಯುವವರೆಲ್ಲ ನೋಡುತ್ತಿರುವಾಗಲೇ ಸೀರೆಗೆ ಕಚ್ಚೆ ಹಾಕಿ ಬಾವಿಗೆ ಜಿಗಿದು, ಒಂದು ಸುತ್ತು ಈಜಿ, ಒದ್ದೆ ತಲೆಯಲ್ಲೇ ಹೇಳಿದಳು: "ನೀರಾಗ ನಾ ಇರ್ತೀನಿ. ಇವರು ಮ್ಯಾಲ ಕುಂದರ್ತಾರ, ಆ ಕಡಿ ಮಾರಿ ಮಾಡಿ. ಇನ್ನರೆ ಕಳಸ್ರಿ."

ಮೊದಲು ಬಂದವಳು ಮಹಾದೇವಿಯ ತಾಯಿ. ಉಳಿದ ಚಿಕ್ಕ ಮಗಳ ಕೈ ಹಿಡಿದು ತಂದು, "ಇಕೀಗಿ ಕಲಸ್ರಿ" ಎಂದಷ್ಟೇ ಹೇಳಿ, ದೂರದ ಬದುವಿನ ಮೇಲೆ ಹೋಗಿ ಕುಳಿತಳು. ನೀರನ್ನು ನೋಡಲಾರಳು, ಮನೆಗೂ ಹೋಗಲಾರಳು. ಅದನ್ನು ಕೇಳಿದ ಮೇಲೆ ಆಯಿಯೂ ಒಪ್ಪಿದಳು. ಮರುದಿನ ಬೆಳಿಗ್ಗೆ ಬಳೆಗಾರರ ಮನೆಯ ರಾಬಿಯಾ, ನಾನು ಇಬ್ಬರೂ ಹೋದೆವು.

ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಹಳ ದಿನ ತೇಲಿದೆ. ಬೆಂಡು ಬಿಚ್ಚಿದ ದಿನ ಮೆಟ್ಟಿಲು ಬಿಡದೆ ಅತ್ತೆ.

"ಮುಳುಗ್ತೀನಿ ಕಾಕಾ!"

"ಮುಳುಗು. ನಿಮ್ಮ ಚಿಗವ್ವ ಅದಾಳ. ತಳದಾಗ ಏನದ ನೋಡಿ ಬಂದು ನನಗೂ ಹೇಳು."

ಕೈ ಬಿಟ್ಟೆ. ಕಣ್ಣು ತೆರೆದಾಗ ಸುತ್ತಲೂ ಹಸಿರು. ಬಿಸಿಲು ಎಳೆ ಎಳೆಯಾಗಿ ಕೆಳಗಿಳಿಯುತ್ತಿತ್ತು. ಚಿಗವ್ವನ ಪಾದಗಳು ಬಹಳ ನಿಧಾನವಾಗಿ, ಯಾವುದೋ ಬೇರೆ ಲೋಕದಲ್ಲಿ ನಡೆದಂತೆ ಆಡುತ್ತಿದ್ದವು. ಊರಿನ ಸದ್ದು ಒಂದೂ ಇರಲಿಲ್ಲ. ಮೇಲೆ ಬಂದಾಗ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಏನದವ್ವಾ?"

"ಬೆಳಕದ ಕಾಕಾ."

ಅವರು ಟವೆಲ್ಲಿನ ಚುಂಗಿನಿಂದ ಮುಖ ಒರೆಸಿಕೊಂಡದ್ದು ಹಿಂದಿನಿಂದಲೇ ಕಾಣಿಸಿತು.

ನನ್ನನ್ನು ಸುರಪುರದ ಕಡೆಯ ಹಳ್ಳಿಗೆ ಕೊಟ್ಟರು. ಅಲ್ಲಿ ಒಂದು ದಿನ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ನನ್ನ ನಾದಿನಿ ಪಾಚಿಯ ಮೇಲೆ ಜಾರಿ ಬಿದ್ದಳು. ಹರಿವು ಜೋರಾಗಿತ್ತು. ನಾನು ಜಿಗಿದದ್ದು ನನಗೇ ಗೊತ್ತಾಗಲಿಲ್ಲ. ಕೂದಲು ಸಿಕ್ಕಿತು, ಹಿಡಿದೆ. ಇಬ್ಬರೂ ದಂಡೆಗೆ ಬಂದು ಬಿದ್ದೆವು. ಓಡಿ ಬಂದ ನನ್ನ ಅತ್ತೆ ಮಗಳನ್ನು ಅಪ್ಪಿಕೊಂಡೇ ಕೇಳಿದರು: "ಈಸ ಯಾರ ಕಲಿಸ್ಯಾರ ನಿನಗ?"

ಆ ವಾರವೇ ಅತ್ತೆ ಒಂದು ಚೀಲ ಶೇಂಗಾ ಕಟ್ಟಿಕೊಂಡು, ಬಸ್ ಬದಲಿಸುತ್ತ ದೋರನಹಳ್ಳಿಗೆ ಹೋದರು. ಬಾಗಿಲಲ್ಲೇ ಕಾಕಾನ ಕಾಲು ಮುಟ್ಟಲು ಬಗ್ಗಿದರಂತೆ. ಕಾಕಾ ಗಾಬರಿಯಾಗಿ ಹಿಂದೆ ಸರಿದು, "ಏ, ಬ್ಯಾಡ್ರಿ ತಾಯಿ, ನಾ ಏನ ಮಾಡೀನಿ? ನಾ ಆ ಕಡಿ ಮಾರಿ ಮಾಡಿ ಕುಂತಿದ್ನಿ" ಎಂದರಂತೆ. ಆಮೇಲೆ ಒಳಗಿನ ಕೋಣೆ ಸೇರಿದವರು ಚಿಗವ್ವ ಎಷ್ಟು ಕರೆದರೂ ಹೊರಗೆ ಬರಲಿಲ್ಲವಂತೆ.

ಚಿಗವ್ವ ತೀರಿಕೊಂಡ ಮೇಲೆ ಕಾಕಾ ಯಾದಗಿರಿಯಲ್ಲಿದ್ದ ಮಗಳ ಮನೆಗೆ ಹೋದರು. ಕಳೆದ ಚಳಿಗಾಲದಲ್ಲಿ ನೋಡಲು ಹೋದೆ. ಅಂಗಳದ ಬಿಸಿಲಿಗೆ ಹೊರಸು ಹಾಕಿ ಮಲಗಿಸಿದ್ದರು. ಮೈ ಹಗ್ಗದ ಹೆಣಿಕೆಯಲ್ಲಿ ಕರಗಿಹೋದಂತಿತ್ತು. ನನ್ನ ಹೆಸರು ಹೇಳಿದೆ. ನಕ್ಕರು. ಮನೆಯವರನ್ನೆಲ್ಲ ಕೇಳಿದರು. ಹೊರಡಲು ಎದ್ದಾಗ, "ಕುಂದರು, ಪ್ರಾರ್ಥನಿ ಮಾಡಿ ಕಳಸ್ತೀನಿ" ಎಂದರು.

ಹೊರಸಿನ ಪಕ್ಕ ನೆಲಕ್ಕೆ ಕುಳಿತು ತಲೆ ಬಗ್ಗಿಸಿದೆ. ಕೈ ನನ್ನ ತಲೆಯ ಮೇಲೆ ಬಂತು. "ಸ್ವಾಮೀ, ಈ ಹುಡುಗೀನ್ನ ಕಾಯಿ. ಇಕಿ ಅತ್ತೀನ್ನ ಕಾಯಿ, ನಾದನೀನ್ನ ಕಾಯಿ. ರಾಬಿಯಾನ್ನ ಕಾಯಿ, ಆಕಿ ಮಕ್ಕಳನ್ನ ಕಾಯಿ..." ಓಣಿಯ ಒಂದೊಂದೇ ಮನೆ ಹತ್ತಿ ಇಳಿಯುತ್ತ ಹೆಸರುಗಳು ಬಂದವು. ಇದ್ದವರು, ಹೋದವರು ಎಲ್ಲ ಕಲೆತುಹೋದರು. ದನಿ ಸಣ್ಣಗಾಯಿತು, ಹೆಸರುಗಳ ನಡುವೆ ಅಂತರ ಹೆಚ್ಚಾಯಿತು. ಒಂದು ಹೆಸರಿನ ಅರ್ಧಕ್ಕೆ ಮಾತು ನಿಂತು, ಮೆಲ್ಲನೆ ಗೊರಕೆ ಕೇಳಿಸಿತು.

ಮಗಳು ಬಂದು ಅವರನ್ನು ಎಬ್ಬಿಸಲು ಹೋದಳು. ಬೇಡವೆಂದು ಕೈಸನ್ನೆ ಮಾಡಿದೆ. ಅದೇ ಕೊನೆಯ ಭೇಟಿ ಎಂದು ಆಗ ತಿಳಿದಿರಲಿಲ್ಲ. ಸುರಪುರದ ಬಸ್ಸು ಹೋದರೆ ಹೋಗಲಿ ಎನಿಸಿತು. ಕೈ ಇನ್ನೂ ತಲೆಯ ಮೇಲಿತ್ತು, ಪ್ರಾರ್ಥನೆ ಮುಗಿದಿರಲಿಲ್ಲ.