ಅಜ್ಜನ ಕೈಯ ಆವಕ ನಂಬರು

ಪುಣೆಯ ದಫ್ತರಖಾನೆಯೊಂದರಲ್ಲಿ ಹಳೆಯ ಕನ್ನಡ ಕಾಗದಗಳನ್ನು ಓದಿ ಪಟ್ಟಿ ಮಾಡಿಕೊಡಲು ಒಪ್ಪಿಕೊಂಡದ್ದು ನನ್ನದೇ ತಪ್ಪು. ನಿವೃತ್ತಿಯಾಗಿತ್ತು, ಕೊಂಢವಾ ಬಡಾವಣೆಯ ಮನೆಯಲ್ಲಿ ಅವ್ವನೂ ನಾನೂ ದಿನವಿಡೀ ಒಬ್ಬರನ್ನೊಬ್ಬರು ತಿದ್ದುತ್ತ ಕೂತಿರುತ್ತಿದ್ದೆವು. ದಫ್ತರಖಾನೆಯವರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಸುಮ್ಮನಿರಲು ಬರುತ್ತಿರಲಿಲ್ಲ.

ಎಂದೋ ಮುಚ್ಚಿಹೋದ ಕಂಪನಿಯೊಂದರ ಫೈಲುಗಳು ಅಲ್ಲಿದ್ದವು. ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಆ ಕಂಪನಿಯ ಟಪಾಲು ಗುಮಾಸ್ತರು. ಬಂದ ಕಾಗದಕ್ಕೆಲ್ಲ ಮುದ್ರೆ ಒತ್ತಿ, ಆವಕ ನಂಬರು ಬರೆದು, ಫೈಲಿಗೆ ಸೇರಿಸುವುದು ಅವರ ಕೆಲಸ. ಅವರೊಬ್ಬರೇ ಪುಣೆಯಲ್ಲಿ, ಹೆಂಡತಿ ಮಕ್ಕಳು ಬಾಗಲಕೋಟೆಯಲ್ಲಿ. ಅಜ್ಜಿ ತೀರಿಕೊಂಡಾಗ ಅವರು ಬಂದದ್ದು ದಿನಕರ್ಮವೆಲ್ಲ ಮುಗಿದ ಮೇಲೆ. ಕಾಗದ ಸಿಗಲಿಲ್ಲ ಎಂದರಂತೆ. ಒಂಬತ್ತು ವರ್ಷದ ಅವ್ವ ನಂಬಲಿಲ್ಲ. ಎಂಬತ್ತು ದಾಟಿದರೂ ನಂಬಿರಲಿಲ್ಲ. "ಗೊತ್ತಿದ್ದೂ ಬರ್ಲಿಲ್ಲ" ಎಂಬ ಒಂದೇ ಮಾತು. ಕೊನೆಗಾಲದಲ್ಲಿ ಅಜ್ಜ ಕರೆ ಕಳಿಸಿದರೂ ಅವಳು ಹೋಗಲಿಲ್ಲ.

ಸಿಗಲಿಲ್ಲ ಎಂದಿದ್ದ ಆ ಕಾಗದ, ಒಂದು ಅಂಚೆ ಕಾರ್ಡು, ಸಿಮೆಂಟು ಪೂರೈಕೆಯ ಪತ್ರಗಳ ನಡುವೆ ಇತ್ತು. ಅಜ್ಜಿಯ ತಮ್ಮ ಬರೆದದ್ದು: "ಅಕ್ಕ ಹೋದಳ್ರಿ. ಕಾರ್ಡು ಮುಟ್ಟಿದ ಕೂಡ್ಲೆ ಹೊಂಟು ಬರ್ರಿ." ಮೇಲೆ ಕಂಪನಿಯ ಮುದ್ರೆ, ಅಜ್ಜಿ ತೀರಿದ ನಾಲ್ಕನೆಯ ದಿನದ್ದು. ಪಕ್ಕದಲ್ಲಿ ಆವಕ ನಂಬರು, ಅಜ್ಜನ ಕೈಯದೇ. ಚಿಕ್ಕಂದಿನಲ್ಲಿ ನನಗೆ ಬರೆಯುತ್ತಿದ್ದ ಕಾಗದಗಳಲ್ಲೂ ಅವರು ಏಳನ್ನು ಹೀಗೇ ಬಾಲ ಎಳೆದು ಬರೆಯುತ್ತಿದ್ದರು.

ನನಗೆ ತಲೆಬುಡ ತಿಳಿಯದಾಯಿತು. ನಂಬರು ಬರೆದವರು ಕಾರ್ಡು ಓದಲಿಲ್ಲವೇ? ದಿನಕ್ಕೆ ಎಷ್ಟೋ ಕಾಗದ. ಕೈ ತನ್ನ ಪಾಡಿಗೆ ಮುದ್ರೆ ಒತ್ತಿರಬಹುದು. ನಮ್ಮ ಕಡೆ ಸಾವಿನ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುತ್ತಾರೆ, ಇಟ್ಟುಕೊಳ್ಳುವುದಿಲ್ಲ. ಇದು ಇಡಿಯಾಗಿತ್ತು. ಹಾಗಾದರೆ ಓದಿಲ್ಲ. ಅಥವಾ ಓದಿ, ರಜೆ ಕೇಳುವ ಧೈರ್ಯ ಸಾಲದೆ, ಹರಿಯಲೂ ಮನಸ್ಸು ಬಾರದೆ, ಕಣ್ಣಿಗೆ ಬೀಳದಿರಲೆಂದು ಫೈಲಿಗೆ ತುರುಕಿದರೋ? ಒಮ್ಮೆ ಅಜ್ಜನ ಮೇಲೆ ಅಯ್ಯೋ ಅನ್ನಿಸಿತು, ಮರುಕ್ಷಣ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ದಫ್ತರಖಾನೆಯ ಹೆಣ್ಣುಮಗಳು ಬಂದು, ಇದು ಖಾಸಗಿ ಪತ್ರವೋ ಕಚೇರಿಯದೋ ಎಂದು ಮರಾಠಿಯಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ. ಓದಿ ಹೇಳಲು ಬಂದವಳೇ ಹಾಗಂದರೆ ಅವಳಾದರೂ ಏನು ಬರೆದುಕೊಳ್ಳಬೇಕು ಪಾಪ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹತ್ತು ಸಲ ಮನಸ್ಸು ಬದಲಾಯಿಸಿದೆ. ಕೊನೆಗೆ, ವಯಸ್ಸಾದ ಜೀವಕ್ಕೆ ಒಂದಿಷ್ಟು ನೆಮ್ಮದಿ ಸಿಗಲಿ ಎಂದು ನಂಬರಿನ ಮಾತು ನುಂಗಿಕೊಂಡು ಹೇಳಿದೆ: "ಅವ್ವಾ, ನಿನ್ನ ಸ್ವಾದರಮಾವ ಬರದ ಕಾರ್ಡು ಸಿಕ್ತು. ಯಾವುದೋ ಫೈಲಿನ್ಯಾಗ ಹೋಗಿ ಕುಂತಿತ್ತು. ಅಜ್ಜಗ ಮುಟ್ಟೇ ಇಲ್ಲ."

ಅವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು. ಹಗುರಾಗುತ್ತಾಳೆ ಎಂದುಕೊಂಡಿದ್ದೆ.

"ಅಂದ್ರ ಅಪ್ಪ ಖರೇನ ಹೇಳಿದ್ರು," ಎಂದಳು. "ಸಾಯೋ ಮುಂದ ಕರದ್ರು. ನಾ ಹೋಗ್ಲಿಲ್ಲಲ್ಲ."

ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಸಿಟ್ಟಾದರೂ ಅವಳಿಗೆ ಒಗ್ಗಿಹೋಗಿತ್ತು. ಈಗ ತಪ್ಪೆಲ್ಲ ಅವಳ ಮೇಲೆಯೇ ಬಂದಿತ್ತು, ತಂದವಳು ನಾನು. ನಿಜ ಹೇಳಿಬಿಡಲೇ ಎಂದುಕೊಂಡೆ. ಆದರೆ ಯಾವ ನಿಜ? ನನಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ನನ್ನೂ ಕರ್ಕೊಂಡು ಹೋಗು. ಆ ಕಾರ್ಡು ನಾ ಕಣ್ಣಾರೆ ನೋಡಬೇಕು," ಎಂದಳು.

ಕಾರ್ಡಿನ ಮೇಲೆ ಆ ನಂಬರಿತ್ತು. ಅಪ್ಪನ ಅಕ್ಷರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.